ದೊರೆಯ ವಾರಾನ್ನ

ಬೆಳಿಗ್ಗೆ ಎದ್ದ ಕೂಡಲೇ ಕೆಲವರು ಅಂಗೈ ನೋಡಿಕೊಳ್ಳುತ್ತಾರೆ, ಕೆಲವರು ದೇವರ ಪಟ ನೋಡುತ್ತಾರೆ. ನಾನು ಕೇಳುವುದು, "ಇವತ್ತು ಯಾವ ವಾರ?" ಎಂದು. ಮೇಷ್ಟರ ಕೆಲಸದಿಂದ ನಿವೃತ್ತನಾಗಿ ಬಹಳ ಕಾಲವಾಯಿತು. ಸೋಮವಾರ ಹೋಗಬೇಕಾದ ಶಾಲೆಯಿಲ್ಲ, ಭಾನುವಾರಕ್ಕಾಗಿ ಕಾಯಬೇಕಾದ ಕಷ್ಟವೂ ಇಲ್ಲ. ಆದರೂ ವಾರ ಗೊತ್ತಾಗದ ಹೊರತು ಹಾಸಿಗೆಯಿಂದ ಕಾಲು ಕೆಳಗಿಡಲಾರೆ. ಮದುವೆಯಾದ ಹೊಸತರಲ್ಲಿ ನನ್ನ ಹೆಂಡತಿ ಸಂಕೋಚದಿಂದ ಉತ್ತರ ಹೇಳುತ್ತಿದ್ದಳು. ಈಗ, "ಯಾವ ವಾರವಾದ್ರೂ ನಿಮ್ಮ ಊಟ ಈ ಮನೇಲೇ, ಏಳಿ," ಎಂದು ಅಡುಗೆಮನೆಯಿಂದಲೇ ಕೂಗುತ್ತಾಳೆ.

ಅವಳಿಗೆ ಇದಕ್ಕಿಂತ ತಲೆನೋವಾಗಿರುವುದು ನನ್ನ ಇನ್ನೊಂದು ಚಾಳಿ. ಒಗ್ಗರಣೆ ಚಟಪಟ ಎಂದರೆ ಸಾಕು, ನಾನು ಕೂತಲ್ಲಿ ಕೂರಲಾರೆ. ಓದುತ್ತಿದ್ದ ಪತ್ರಿಕೆ ಮಡಿಸಿ ಏಳುತ್ತೇನೆ. ಚಪ್ಪಲಿ ಮೆಟ್ಟುತ್ತೇನೆ, ಗೇಟಿನ ತನಕ ಹೋಗಿ ಬೀದಿಯ ಎರಡೂ ಕೊನೆ ನೋಡಿ ಹಿಂದಿರುಗುತ್ತೇನೆ, ಮತ್ತೆ ಹೋಗುತ್ತೇನೆ. ತಟ್ಟೆ ಹಾಕಿ ಕರೆಯುವ ಹೊತ್ತಿಗೆ ಸರಿಯಾಗಿ ನಾನು ಮನೆಯಲ್ಲಿರುವುದಿಲ್ಲ. ಹಸಿವಿಲ್ಲವೆಂದಲ್ಲ, ಅದು ಚೆನ್ನಾಗಿಯೇ ಇರುತ್ತದೆ. ಅನ್ನ ಬೇಯುವ ವಾಸನೆ ಮೂಗಿಗೆ ಬಿದ್ದರೆ ನನ್ನ ಕಾಲುಗಳಿಗೆ ಎಲ್ಲಿಗಾದರೂ ಹೊರಡಬೇಕು ಅನ್ನಿಸುತ್ತದೆ, ಅಷ್ಟೆ. ಡಾಕ್ಟರ ಹತ್ತಿರ ಹೇಳಿಕೊಂಡೆ. ಅವರು ಬಿ.ಪಿ., ಸಕ್ಕರೆ ಎಲ್ಲ ನೋಡಿ, "ವಯಸ್ಸಾಯ್ತಲ್ಲ ಸಾರ್," ಎಂದರು. ವಯಸ್ಸಿನದಲ್ಲ ಸ್ವಾಮಿ. ಇದು ನಾನು ಹೈಸ್ಕೂಲು ಹುಡುಗನಾಗಿದ್ದಾಗ ಸೊರಬದಲ್ಲಿ ಅಂಟಿದ್ದು.

ವಾರಾನ್ನ ಎಂದರೆ ಈಗಿನ ಮಕ್ಕಳಿಗೆ ಗೊತ್ತಾಗುವುದಿಲ್ಲ, ನಿಮಗೆ ಗೊತ್ತಿದ್ದೀತು. ಹಳ್ಳಿಯಿಂದ ಓದಲು ಬಂದ ಬಡ ಹುಡುಗನಿಗೆ ಊರಿನ ಏಳು ಮನೆಯವರು ವಾರದಲ್ಲಿ ಒಂದೊಂದು ದಿನ ಊಟ ಹಾಕುವ ಏರ್ಪಾಡು ಅದು. ನಮ್ಮ ಹಳ್ಳಿ ಕ್ಯಾಸನೂರಿನಾಚೆ, ಕಾಡಿನ ಅಂಚಿಗೆ. ಅಪ್ಪ ಮೊದಲು ನನ್ನನ್ನು ಶಿಕಾರಿಪುರದಲ್ಲಿ ಚಿಕ್ಕಪ್ಪನ ಮನೆಯಲ್ಲಿ ಬಿಟ್ಟಿದ್ದರು. ಚಿಕ್ಕಪ್ಪನದು ಕಿರಾಣಿ ಅಂಗಡಿ. ಶಾಲೆಗಿಂತ ಅಂಗಡಿಯಲ್ಲೇ ಹೆಚ್ಚು ಹೊತ್ತು ನಿಲ್ಲಿಸುತ್ತಾರೆಂದು ಒಂದು ದಿನ ನಾನು ಬಸ್ಸು ಹತ್ತಿ, ಶಿರಾಳಕೊಪ್ಪದ ಮೇಲೆ ಸೊರಬಕ್ಕೆ ಓಡಿಬಂದು, ಹೈಸ್ಕೂಲಿನ ಹೆಡ್‌ಮಾಸ್ತರರ ಮುಂದೆ ಕೈಕಟ್ಟಿ ನಿಂತೆ. ಅವರು ಸೇರಿಸಿಕೊಂಡರು. ಹುಡುಕಿಕೊಂಡು ಬಂದ ಚಿಕ್ಕಪ್ಪ ಬೈಯಲೂ ಇಲ್ಲ. "ಓದ್ತಿಯೇನು? ಓದು ಹಂಗಾರೆ. ಆದ್ರೆ ಇಲ್ಲಿಂದಾನೂ ಓಡಿ ಬಂದ್ಯೋ, ತಕ್ಕಡಿ ಹಿಡಿಯೋದೇ. ಮತ್ತೆ ಶಾಲಿ ಮಾತು ಎತ್ತಂಗಿಲ್ಲ ನೋಡು," ಎಂದು ಹೋದರು. ಅವರು ಆಡಿದ ಮಾತಿಗೆ ತಪ್ಪುವವರಲ್ಲ.

ಊರಿಗೆ ಹೋಗೋಣವೆಂದರೆ ಅದಕ್ಕೂ ದಾರಿಯಿರಲಿಲ್ಲ. ಆಗ ನಮ್ಮ ಕಡೆಯ ಕಾಡಿನಲ್ಲಿ ಮಂಗಗಳು ಸತ್ತು ಬೀಳುತ್ತಿದ್ದವು, ಸೌದೆಗೆ ಹೋದವರು ಜ್ವರ ಹೊತ್ತು ಬರುತ್ತಿದ್ದರು. ಈ ಕಡೆ ತಲೆ ಹಾಕಬೇಡವೆಂದು ಅಪ್ಪ ಸಂತೆಗೆ ಬಂದವರ ಹತ್ತಿರ ಹೇಳಿ ಕಳಿಸಿದ್ದರು. ಸೊರಬದಲ್ಲಿ ನಿಂತರೆ ಓದು, ಶಿಕಾರಿಪುರದ ಬಸ್ಸು ಹತ್ತಿದರೆ ತಕ್ಕಡಿ. ನನ್ನ ಬಾಳು ಆಗ ಅಷ್ಟರಲ್ಲೇ ಇತ್ತು.

ಹೆಡ್‌ಮಾಸ್ತರರು ಓಡಾಡಿ ವಾರಗಳನ್ನು ಹೊಂದಿಸಿಕೊಟ್ಟರು. ಶನಿವಾರಕ್ಕೊಂದು ಮನೆ ಸಿಗಲಿಲ್ಲ. ನಾನು ಶನಿವಾರ ಉಪವಾಸದ ವ್ರತ ಹಿಡಿದಿದ್ದೇನೆಂದು ಹೇಳಿಕೊಂಡೆ. ಇಷ್ಟು ಸಣ್ಣ ವಯಸ್ಸಿಗೆ ಎಂಥ ಭಕ್ತಿ ಎಂದು ಜನ ಮೆಚ್ಚಿಕೊಂಡರು. ಮೆಚ್ಚಿಕೊಂಡ ಮೇಲೆ ಮನೆ ಹುಡುಕುವ ಪ್ರಯತ್ನವನ್ನೂ ಬಿಟ್ಟರು.

ವಾರಾನ್ನಕ್ಕೆ ಹೋಗುವುದಕ್ಕೆ ರೀತಿನೀತಿ ಇತ್ತು. ಬಾಗಿಲು ಬಡಿಯಬಾರದು, ಕೂಗಬಾರದು. ಅಂಗಳದಲ್ಲಿ ನಿಂತು ಒಮ್ಮೆ ಕೆಮ್ಮಬೇಕು. ಒಳಗಿನವರಿಗೆ ಗೊತ್ತಾಗುತ್ತದೆ. ಗೊತ್ತಾಗದಿದ್ದರೆ ಸ್ವಲ್ಪ ಅಡ್ಡಾಡಿ ಬಂದು ಇನ್ನೊಮ್ಮೆ ಕೆಮ್ಮಬೇಕು. ಹೀಗೆ ಅಡ್ಡಾಡುವುದೇ ನನ್ನ ಕಾಲಿಗೆ ಹತ್ತಿಕೊಂಡಿತು. ಬೇಗ ಹೋದರೆ ಹಸಿದು ಬಂದ ಅನ್ನುತ್ತಾರೆ, ತಡವಾದರೆ ಕಾಯಿಸಿದ ಅನ್ನುತ್ತಾರೆ, ಸರಿಯಾದ ಹೊತ್ತಿಗೆ ಹೋದರೆ ಒಲೆಯ ಮೇಲೇ ಕಣ್ಣಿಟ್ಟಿದ್ದ ಅನ್ನುತ್ತಾರೆ. ಯಾರೂ ಏನೂ ಅನ್ನುತ್ತಿರಲಿಲ್ಲ ಎಂಬುದು ಬೇರೆ ಮಾತು. ಹಂಗಿನ ಊಟಕ್ಕೆ ಹೊರಟವನ ಕಿವಿಗೆ ಆಡದ ಮಾತೂ ಕೇಳಿಸುತ್ತದೆ.

ಗುರುವಾರದ ಮನೆ ಮಾತ್ರ ಬೇರೆ. ಅದು ಸಾವಂತ್ರಮ್ಮನದು. ಗದ್ದೆ ಮಾಡಿಕೊಂಡಿದ್ದ ಮನೆ. ಒಳಗೆ ಅವರ ಅತ್ತೆಯ ಮಡಿ ಜೋರಿದ್ದುದರಿಂದ ನನಗೆ ಎಲೆ ಹಾಕುತ್ತಿದ್ದುದು ಜಗಲಿಯಲ್ಲಿ. ಸಾವಂತ್ರಮ್ಮ ಎರಡನೆಯ ಸಲ ಅನ್ನ ಬಡಿಸುವಾಗ ಬೇಕೇ ಎಂದು ಕೇಳುತ್ತಿರಲಿಲ್ಲ. ಕೇಳಿದರೆ ನಾನು ಬೇಡವೆನ್ನುತ್ತೇನೆಂದು ಅವರಿಗೆ ಗೊತ್ತಿತ್ತು. ಆ ಗುರುವಾರ ನನಗೆ ಬಂದದ್ದು ನನಗಿಂತ ಮುಂಚಿನ ಒಬ್ಬ ಹುಡುಗನಿಂದ. ಓದು ಮುಗಿಸಿ ಹೊರಟವನು ಹೊಸಬನ ಕೈ ಹಿಡಿದು ಬಾಗಿಲಿಗೆ ಕರೆದೊಯ್ದು, "ಅಮ್ಮಾ, ನನ್ನ ವಾರ ಇವನಿಗೆ ನಡೆಸಿಕೊಡಿ," ಎನ್ನಬೇಕು. ಮನೆಯವರು ಹೂಂ ಎಂದರೆ ಮುಗಿಯಿತು, ವಾರ ಹೊಸಬನದು. ಒಂದು ಮನೆಯಲ್ಲಿ ಒಂದು ವಾರಕ್ಕೆ ಒಬ್ಬನೇ. ಇಬ್ಬರಿಗೆ ಹಾಕಿದ್ದನ್ನು ನಾನು ಕಂಡಿರಲಿಲ್ಲ.

ಇಷ್ಟರಲ್ಲಿ ದೊರೆ ಬಂದ.

ಹೆಸರು ಡೆನಿಸ್. ಇಂಗ್ಲೆಂಡಿನವನು, ಕಾಲೇಜು ಮುಗಿಸಿದ ಹುಡುಗ, ತೊಲೆಗೆ ತಲೆ ತಾಗುವಷ್ಟು ಎತ್ತರ. ಪರದೇಶದ ಶಾಲೆಗಳಲ್ಲಿ ಸಂಬಳವಿಲ್ಲದೆ ಇಂಗ್ಲಿಷ್ ಕಲಿಸುತ್ತೇನೆಂದು ತಾನಾಗಿ ಹೊರಟು ಬಂದವನು. ಬ್ರಿಟಿಷರು ಹೋಗಿ ಹತ್ತು ವರ್ಷವಾಗಿದ್ದರೂ ಬಿಳಿಯ ಮುಖ ಕಂಡರೆ ದೊರೆ ಎನ್ನುವುದನ್ನು ನಮ್ಮ ಜನ ಬಿಟ್ಟಿರಲಿಲ್ಲ. ಶಾಲೆಯ ಕಮಿಟಿಯವರು ಸಭೆ ಸೇರಿದರು. ಹೆಡ್‌ಮಾಸ್ತರರು ಅವನ ಸೇವಾಭಾವವನ್ನು ಬಹಳ ಹೊಗಳಿದರು. ಕಮಿಟಿಯಲ್ಲಿ ಅಡಿಕೆ ಮಂಡಿಯ ಸಾಹುಕಾರರೊಬ್ಬರಿದ್ದರು, ಮೂಲ ಶಿಕಾರಿಪುರದ ಕಡೆಯವರು. ನೀರು ಕೊಡಲು ನಿಂತಿದ್ದ ನನಗೆ ಅವರ ಮಾತು ಚೆನ್ನಾಗಿ ನೆನಪಿದೆ.

"ಸಂಬ್ಳ ಎಷ್ಟ್ರೀ?"

"ಸಂಬಳ ಇಲ್ಲ."

"ಏನೂ ಇಲ್ಲಾ?"

"ಇಲ್ಲ. ಸೇವೆ."

ಸಾಹುಕಾರರು ಬಾಯಲ್ಲಿದ್ದ ಎಲೆಅಡಿಕೆ ಜಗಿಯುವುದನ್ನೇ ನಿಲ್ಲಿಸಿದರು. "ಸಂಬ್ಳ ಇಲ್ದಂಗೆ ಸಮುದ್ರ ದಾಟಿ ಬಂದಾನೆ ಅಂದ್ರೆ, ಪಾಪ, ಅವರ ಮನಿ ಕಡೆ ಎಷ್ಟು ಬಡತನ ಐತೋ ಏನೋ!"

ಹೆಡ್‌ಮಾಸ್ತರರು ಹಾಗಲ್ಲವೆಂದು ಬಿಡಿಸಿ ಹೇಳಿದರು. ಅವನ ಖರ್ಚಿಗೆ ಏನೋ ವ್ಯವಸ್ಥೆ ಇದೆ ಎಂದರು. ಯಾರ ಕಿವಿಗೂ ಹೋಗಲಿಲ್ಲ. ಎಲ್ಲರ ಕಣ್ಣಲ್ಲೂ ಆಗಲೇ ಕನಿಕರ ತುಂಬಿತ್ತು. "ಸೇವೆ ಮಾಡೋರಿಗೂ ಹೊಟ್ಟೆ ಇರ್ತತಲ್ರೀ. ಬಡ ಹುಡುಗ್ರಿಗೆ ಏನು ಮಾಡ್ತೀವೋ ಅದೇ ಮಾಡಿದ್ರಾತು. ವಾರ ಹಚ್ಚಿಬಿಡ್ರಿ," ಎಂದು ಸಾಹುಕಾರರು ತೀರ್ಪು ಕೊಟ್ಟರು. ಅಂತೂ ನೂರಾರು ವರ್ಷ ನಮ್ಮನ್ನು ಆಳಿದವರ ಪೈಕಿ ಒಬ್ಬನನ್ನು ಸೊರಬದವರು ವಾರಾನ್ನಕ್ಕೆ ಹಾಕಿದರು.

ಡೆನಿಸ್‌ಗೆ ಇದೊಂದೂ ತಿಳಿಯದು. ಊರಿಗೆ ಊರೇ ತನ್ನನ್ನು ಸರದಿಯ ಮೇಲೆ ಔತಣಕ್ಕೆ ಕರೆಯುತ್ತಿದೆ ಎಂದು ಹಿಗ್ಗಿಹೋದ. ಅವನಿಗೆ ರೀತಿನೀತಿ ಕಲಿಸುವ ಕೆಲಸ ನನಗೆ ಬಿತ್ತು. ಆ ವಿದ್ಯೆಯಲ್ಲಿ ನಾನು ಪಂಡಿತ. ಅಂಗಳದಲ್ಲಿ ನಿಂತು ಕೆಮ್ಮಬೇಕು ಎಂದೆ. ಏಕೆ ಎಂದ. ದೊರೆಗಳು ಎಲ್ಲದಕ್ಕೂ ಏಕೆ ಎನ್ನುತ್ತಾರೆ. ಕೆಮ್ಮು ಅಷ್ಟೆ ಎಂದೆ. ಎಲೆಯ ಮುಂದೆ ಕಾಲು ಮಡಚುವುದನ್ನು, ಬಲಗೈಯಲ್ಲೇ ಉಣ್ಣುವುದನ್ನು, ಉಂಡ ಎಲೆ ತಾನೇ ಎತ್ತುವುದನ್ನು ಕಲಿಸಿದೆ. ಕಡೆಗೆ ಹೊರಡುವಾಗ ವಾರವನ್ನು ಇನ್ನೊಬ್ಬನಿಗೆ ದಾಟಿಸುವ ಮಾತನ್ನೂ ಬಾಯಿಪಾಠ ಮಾಡಿಸಿದೆ. ಅವನು ಅದನ್ನೆಲ್ಲ ಶ್ರದ್ಧೆಯಿಂದ ಕಲಿತ. ನಾನು ಹಿಂದಿನ ಓಣಿಯಿಂದ ತಲೆ ತಗ್ಗಿಸಿ ಹೋಗುತ್ತಿದ್ದ ಮನೆಗಳಿಗೆ ಅವನು ನಡುಬೀದಿಯಲ್ಲಿ, ಸಿಕ್ಕಿದವರಿಗೆಲ್ಲ ನಮಸ್ಕಾರ ಹಾಕುತ್ತ, "ಇವತ್ತು ನನ್ನ ಊಟ ಪೋಸ್ಟ್‌ಮಾಸ್ತರರ ಮನೆಯಲ್ಲಿ" ಎಂದು ಸಾರಿಕೊಂಡು ಹೋಗುತ್ತಿದ್ದ. ನೋಡಿದರೆ ನನಗೆ ಮೈ ಉರಿಯುತ್ತಿತ್ತು.

ಎರಡು ಕಾರಣಕ್ಕೆ ಉರಿಯುತ್ತಿತ್ತು. ಅವನಿಗೆ ಶನಿವಾರಕ್ಕೂ ಮನೆ ಸಿಕ್ಕಿತ್ತು, ನನಗೆ ಸಿಗದಿದ್ದ ಶನಿವಾರ! ಇನ್ನೊಂದು, ಹೆಡ್‌ಮಾಸ್ತರರು ಬಂದು, "ಮಂಜಪ್ಪ, ಗುರುವಾರ ಸಾವಂತ್ರಮ್ಮನ ಮನೇನ ದೊರೆಗೆ ಗೊತ್ತು ಮಾಡಿದೀನಿ ಕಣೋ," ಎಂದಿದ್ದರು. ಒಂದು ವಾರಕ್ಕೆ ಒಬ್ಬನೇ. ಅಂದಮೇಲೆ ನನ್ನ ಗುರುವಾರ ಹೋಯಿತೆಂದು ಅರ್ಥ. ಹೆಡ್‌ಮಾಸ್ತರರನ್ನು ಕೇಳಲಿಲ್ಲ. ಸಾವಂತ್ರಮ್ಮನನ್ನು ಕೇಳಲು ಬಾಯೇ ಬರಲಿಲ್ಲ. ನೀವೇ ಹೇಳಿ, ಕೊಟ್ಟ ಅನ್ನವನ್ನು ಯಾಕೆ ನಿಲ್ಲಿಸಿದಿರಿ ಎಂದು ಯಾರಾದರೂ ಕೇಳುವುದುಂಟೆ?

ಗುರುವಾರ ಮಧ್ಯಾಹ್ನ ದೊರೆಯನ್ನು ಓಣಿಯ ತಿರುವಿನವರೆಗೆ ಬಿಟ್ಟು ನಾನು ನಿಂತುಬಿಟ್ಟೆ. "ನೀನು ಬರುವುದಿಲ್ಲವೆ?" ಎಂದ. ನನ್ನ ಊಟ ನನ್ನ ಅತ್ತೆಯ ಮನೆಯಲ್ಲಿ ಎಂದೆ. ಸೊರಬದಲ್ಲಿ ನನಗೆ ಅತ್ತೆಯೂ ಇರಲಿಲ್ಲ, ಮಾವನೂ ಇರಲಿಲ್ಲ. ಅವನು ಒಳಗೆ ಹೋದ ಮೇಲೆ ನಾನು ದಂಡಾವತಿ ಹೊಳೆಯವರೆಗೆ ನಡೆದೆ, ಅಲ್ಲಿಂದ ಬಸ್ ಸ್ಟ್ಯಾಂಡಿಗೆ ಬಂದೆ, ಮತ್ತೆ ಹೊಳೆಗೆ ಹೋದೆ. ಹಸಿದ ಹೊಟ್ಟೆ ಕೂತರೆ ಗೊಣಗುತ್ತದೆ, ನಡೆಯುತ್ತಿದ್ದರೆ ಸ್ವಲ್ಪ ಸುಮ್ಮನಿರುತ್ತದೆ.

ದೊರೆಯೂ ಕೂತಲ್ಲಿ ಕೂರುವವನಲ್ಲ. ಕ್ಲಾಸಿನಲ್ಲಿ ಕುರ್ಚಿಯನ್ನು ಅವನು ಮುಟ್ಟಿದ್ದೇ ಇಲ್ಲ. ನಮ್ಮನ್ನೆಲ್ಲ ಹೊರಗೆ ಎಳೆದುಕೊಂಡು ಹೋಗಿ, ಗದ್ದೆಯ ಬದುವಿನ ಮೇಲೆ ನಡೆಸುತ್ತ ಪಾಠ ಹೇಳುತ್ತಿದ್ದ. ನಾನು ಕನ್ನಡ ಕೂತು ಕಲಿತೆ, ಇಂಗ್ಲಿಷು ನಡೆದು ಕಲಿತೆ. ಪ್ರತಿದಿನ ಅವನ ಮೊದಲ ಪ್ರಶ್ನೆ ಒಂದೇ: ನಿನ್ನೆ ಮಧ್ಯಾಹ್ನ ಏನು ಉಂಡೆ? ಉಳಿದ ಹುಡುಗರು ಅನ್ನ ಎಂದು ಒಂದೇ ಮಾತಿನಲ್ಲಿ ಪಾರಾಗುತ್ತಿದ್ದರು. ಶುಕ್ರವಾರದ ದಿನ ನನಗೆ ಹಾಗೆ ಪಾರಾಗಲು ಆಗುತ್ತಿರಲಿಲ್ಲ. ಉಣ್ಣದ ಊಟವನ್ನು ನಂಬುವಂತೆ ಹೇಳಬೇಕಾದರೆ ಮಾತು ಬೇಕು. ಒಂದು ಶುಕ್ರವಾರ ಅತ್ತೆಯ ಮನೆಯಲ್ಲಿ ಕಡುಬು ಮಾಡಿಸಿದೆ. ಇನ್ನೊಂದು ಶುಕ್ರವಾರ ಅತ್ತೆಗೆ ಮುಂಗೋಪ ಬರಿಸಿದೆ. ಆಮೇಲೆ ಅವಳಿಗೆ ಒಂದು ಹಲಸಿನ ಮರ, ಒಂದು ಬಾವಿ, ಮೂಗು ಮುರಿದ ಒಂದು ಬೆಕ್ಕು ಎಲ್ಲ ಸೇರಿಕೊಂಡವು. ಹುಡುಗ ಎಷ್ಟು ಬೇಗ ಸುಧಾರಿಸಿದ್ದಾನೆಂದು ಡೆನಿಸ್ ಹೆಡ್‌ಮಾಸ್ತರರ ಮುಂದೆ ಹೊಗಳಿದ. ಮುಂದೆ ನಾನು ಇಂಗ್ಲಿಷ್ ಮೇಷ್ಟರಾಗಿ ಎಷ್ಟೋ ಊರು ತಿರುಗಿ ಮನೆ ಸಾಕಿದ್ದು ಆ ಇಲ್ಲದ ಅತ್ತೆಯ ಪುಣ್ಯದಿಂದ.

ನಡುವೆ ಒಮ್ಮೆ ದೊರೆ ಒಂದು ಅನುಮಾನ ಕೇಳಿದ. "ಆ ಗುರುವಾರದ ಮನೆಯಲ್ಲಿ ಎರಡು ಎಲೆ ಹಾಕುತ್ತಾರೆ. ನನ್ನದೊಂದು. ಪಕ್ಕದ್ದು ಖಾಲಿ. ಅದಕ್ಕೂ ಅನ್ನ ಬಡಿಸುತ್ತಾರೆ. ಯಾರಿಗೆ ಅದು?" ನಾನು ಅವನ ಗುರುವಲ್ಲವೆ? ಗೊತ್ತಿಲ್ಲ ಎನ್ನುವುದು ಹೇಗೆ? ನಮ್ಮಲ್ಲಿ ತೀರಿಹೋದ ಹಿರಿಯರಿಗೆ ಎಲೆ ಹಾಕುವ ಪದ್ಧತಿ ಉಂಟು, ಅದರ ಕಡೆ ಕಣ್ಣೆತ್ತಿಯೂ ನೋಡಬೇಡ ಎಂದೆ. ಅವನು ತಲೆಯಾಡಿಸಿ ಬಹಳ ಗಂಭೀರನಾದ.

ಒಂದು ಬುಧವಾರ ಸಂಜೆ ಡೆನಿಸ್, "ನಾಳೆ ನಾನೂ ನಿನ್ನ ಅತ್ತೆಯ ಮನೆಗೆ ಬರುತ್ತೇನೆ. ಬೆಕ್ಕನ್ನು ನೋಡಬೇಕು. ಸಾವಂತ್ರಮ್ಮನಿಗೆ ಹೇಳಿ ಬಂದುಬಿಡುತ್ತೇನೆ, ನೀನು ಓಣಿಯಲ್ಲಿ ನಿಂತಿರು," ಎಂದ.

ಅತ್ತೆ ಸುಳ್ಳೆಂದು ಗೊತ್ತಾದರೆ ಉಪವಾಸವೂ ಗೊತ್ತಾಗುತ್ತದೆ. ಉಪವಾಸ ಗೊತ್ತಾದರೆ ಸಾವಂತ್ರಮ್ಮ ಬೇಡವೆಂದ ಹುಡುಗ ಇವನು ಎಂಬುದು ಊರಿಗೇ ಗೊತ್ತಾಗುತ್ತದೆ. ಊರಿನ ಮುಂದೆ ಹಾಗೆ ನಿಲ್ಲುವುದಕ್ಕಿಂತ ತಕ್ಕಡಿ ಹಿಡಿಯುವುದು ವಾಸಿ ಅನ್ನಿಸಿತು. ಗುರುವಾರ ಮಧ್ಯಾಹ್ನ ಓಣಿಗೆ ಹೋಗಲಿಲ್ಲ. ಬಟ್ಟೆಯ ಗಂಟು ಕಂಕುಳಲ್ಲಿಟ್ಟುಕೊಂಡು ಬಸ್ ಸ್ಟ್ಯಾಂಡಿಗೆ ಹೋದೆ.

ಶಿಕಾರಿಪುರದ ಬಸ್ಸು ನಿಂತಿತ್ತು. ಮೆಟ್ಟಿಲ ಮೇಲೆ ಕಾಲಿಟ್ಟೆ, ಇಳಿದೆ. ಬಸ್ಸಿಗೆ ಒಂದು ಸುತ್ತು ಬಂದು ಮತ್ತೆ ಹತ್ತಿದೆ, ಮತ್ತೆ ಇಳಿದೆ. ಈ ಬಸ್ಸು ಹೊರಟರೆ ಓದು ಮುಗಿಯಿತು ಎಂದು ನನಗೆ ಸ್ಪಷ್ಟವಾಗಿ ಗೊತ್ತಿತ್ತು. ಕಂಡಕ್ಟರ್ ಚಿಕ್ಕಪ್ಪನ ಪರಿಚಯದವನು. "ಏನಲೇ ತಮ್ಮಾ, ಪ್ರದಕ್ಷಿಣೆ ಹಾಕಾಕ್ಕೆ ಇದೇನು ಗುಡಿ ಏನು? ಬರಂಗಿದ್ರೆ ಬಾ, ಇಲ್ಲಾಂದ್ರೆ ದಾರಿ ಬಿಡು," ಎಂದ. ಹತ್ತಿ ಕೂತೆ. ಇಂಜಿನ್ ಶುರುವಾಯಿತು.

ಆಗ ಡೆನಿಸ್ ಓಡಿಬಂದ. ಮುಖ ಕೆಂಪಗಾಗಿತ್ತು, ಕಾಲಲ್ಲಿ ಚಪ್ಪಲಿಯಿರಲಿಲ್ಲ. ಬಾಗಿಲಲ್ಲಿ ತಲೆ ಬಗ್ಗಿಸಿ ಒಳಗೆ ನುಗ್ಗಿ, ಏದುಸಿರು ಬಿಡುತ್ತ, ತನಗೆ ಬರುವ ಕನ್ನಡದಲ್ಲಿ ಹೇಳಿದ. "ಮಂಜಪ್ಪ, ಅತ್ತೆ ಇಲ್ಲ."

ಇಡೀ ಬಸ್ಸು ನನ್ನ ಕಡೆ ತಿರುಗಿತು. ಮುಂದಿನ ಸೀಟಿನ ಹೆಂಗಸೊಬ್ಬಳು, "ಅಯ್ಯೋ ಪಾಪ, ಯಾವಾಗ ಹೋದ್ರಂತೆ?" ಎಂದು ಸೆರಗಿನಿಂದ ಕಣ್ಣೊರೆಸಿಕೊಂಡಳು. ಕಂಡಕ್ಟರನೂ ಮೆತ್ತಗಾಗಿ, "ಇಳಿಯಪ್ಪಾ, ಇಳಿ, ಮಣ್ಣಿಗೆ ಹೋಗು," ಎಂದ. ಆಗಿದ್ದೇನೆಂದರೆ, ಡೆನಿಸ್ ಅತ್ತೆಯ ಮನೆಗೆ ಹೋಗುತ್ತೇನೆಂದು ಹೇಳಿದಾಗ ಸಾವಂತ್ರಮ್ಮ, "ಯಾವ ಅತ್ತೆ? ಅವನಿಗೆ ಈ ಊರಲ್ಲಿ ಯಾರೂ ಇಲ್ವಲ್ಲ," ಎಂದಿದ್ದರು. ಅಷ್ಟು ಕೇಳಿ ಅವನು ಹೊರಬಿದ್ದಿದ್ದ. ನಾನು ಗುರುವಾರ ಎಲ್ಲೆಲ್ಲಿ ಸುತ್ತುತ್ತಿದ್ದೆನೆಂದು ದಾರಿಯಲ್ಲಿ ಕೇಳಿದ ಮೊದಲನೆಯವನೇ ಹೇಳಿದನಂತೆ. ನನ್ನ ಓಡಾಟ ಯಾರಿಗೂ ಕಾಣುತ್ತಿಲ್ಲವೆಂದು ತಿಳಿದಿದ್ದವನು ನಾನೊಬ್ಬನೇ.

ಅವನು ನನ್ನ ಮಣಿಕಟ್ಟು ಹಿಡಿದು ನಡುಬೀದಿಯಲ್ಲೇ ನಡೆಸಿಕೊಂಡು ಹೋದ. ನನಗೆ ಹಿಂದಿನ ಓಣಿ ಬೇಕಾಗಿತ್ತು, ಅವನಿಗೆ ಆ ಓಣಿ ಗೊತ್ತೇ ಇರಲಿಲ್ಲ. ಸಾವಂತ್ರಮ್ಮನ ಅಂಗಳದಲ್ಲಿ ನಿಂತು, ನಾನು ಕಲಿಸಿದಂತೆ, ಒಮ್ಮೆ ಕೆಮ್ಮಿದ. ಅವರು ಹೊರಗೆ ಬಂದರು. ನನ್ನನ್ನು ಮುಂದಕ್ಕೆ ನೂಕಿ, ಬಾಯಿಪಾಠ ಒಪ್ಪಿಸಿದ. "ಅಮ್ಮಾ, ನನ್ನ ವಾರ ಇವನಿಗೆ ನಡೆಸಿಕೊಡಿ."

ಸಾವಂತ್ರಮ್ಮ ಅವನನ್ನು ನೋಡಿದರು, ನನ್ನನ್ನು ನೋಡಿದರು. "ನಿನ್ನ ವಾರ ಅಂದ್ರೆ ಎಂತದಪ್ಪ? ಇದು ಇವನದ್ದೇ ವಾರ. ನಿನಗೂ ಹಾಕ್ತೀನಿ ಅಂದಿದ್ದೆ, ಅಷ್ಟೇಯ." ಆಮೇಲೆ ನನ್ನ ಕಡೆ ತಿರುಗಿದರು. "ಅಲ್ದಾ ಮಂಜಪ್ಪ, ದೊರೆ ಕೂತ ಪಂಕ್ತೀಲಿ ಕೂತ್ರೆ ಮಡಿ ಕೆಡ್ತದೆ ಅಂತ ನನ್ನ ಮನೇನೇ ಬಿಟ್ಯನಾ?"

"ಮಡಿಯಾ? ನಾನಾ?" ಎಂದೆ.

"ಮತ್ತೆ ಎಂತಕ್ಕೆ ಬರ್ಲಿಲ್ಲ? ವ್ರತದ ಹುಡ್ಗ, ಶನಿವಾರ ನೀರು ಸೈತ ಮುಟ್ಟಲ್ಲ ಅಂತಾರೆ, ದೊರೆ ಪಕ್ಕ ಕೂರಲ್ಲ ಅಂತ ಕಾಣ್ತದೆ ಅಂದ್ಕೊಂಡೆ. ಮಡಿ ವಿಷ್ಯ, ಹೆಂಗೆ ಕೇಳದು? ಬಂದ್ರೆ ಬರ್ಲಿ ಅಂತ ಪ್ರತಿ ಗುರುವಾರನೂ ನಿನ್ನ ಎಲೆ ಹಾಕಿ ಬಡ್ಸಿ ಇಟ್ಟೀನಿ. ಕಡಿಗೆ ಹಸಕ್ಕೆ ಹಾಕದು. ನೋಡು ಹೋಗು ಕೊಟ್ಟಿಗೇಲಿ, ನಿನ್ನ ಪಾಲು ತಿಂದು ಹೆಂಗೆ ದಪ್ಪ ಆಗ್ಯದೆ ಅಂತ."

ಡೆನಿಸ್‌ಗೆ ಪೂರ್ತಿ ಅರ್ಥವಾಗಲಿಲ್ಲ. ಆದರೆ ಎಲೆ ಎಂಬ ಮಾತು ಅವನಿಗೆ ಗೊತ್ತಿತ್ತು. ಜಗಲಿಯ ಮೇಲಿದ್ದ ಎರಡು ಎಲೆಗಳನ್ನು ನೋಡಿದ, ನನ್ನನ್ನು ನೋಡಿದ, ಮತ್ತೆ ಎಲೆಗಳನ್ನು ನೋಡಿದ. "ತೀರಿಹೋದ ಹಿರಿಯರು?" ಎಂದು ಮೆಲ್ಲಗೆ ಇಂಗ್ಲಿಷಿನಲ್ಲಿ ಕೇಳಿದ. ನನಗೆ ಅಳು ಬಂತು. ನಗುವೂ ಬಂತು. ನಿಂತಲ್ಲೇ ನಿಂತಿದ್ದೆ. ಸಾವಂತ್ರಮ್ಮ ಅನ್ನದ ಪಾತ್ರೆ ಹಿಡಿದು ಬಂದು, "ಕೂತ್ಕಳಾ. ನಿನ್ನ ಕಾಲಿಗೆ ಯಾವ ಚಕ್ರ ಕಟ್ಟೀಯೋ ಏನೋ," ಎಂದರು. ಕೂತೆ. ಎರಡನೆಯ ಸಲವೂ ಮೂರನೆಯ ಸಲವೂ ಅವರು ಕೇಳದೆಯೇ ಬಡಿಸಿದರು. ನಾನೂ ಬೇಡವೆನ್ನಲಿಲ್ಲ.

ಮರುದಿನ ಗದ್ದೆಯ ಬದುವಿನ ಮೇಲೆ ಡೆನಿಸ್ ನನ್ನನ್ನು ಎಂದಿನ ಪ್ರಶ್ನೆ ಕೇಳಿದ. ನಾನು ಅನ್ನ ಎಂದೆ. ಆ ವರ್ಷದಲ್ಲಿ ನಾನು ಆಡಿದ ಅತಿ ಸಣ್ಣ ಇಂಗ್ಲಿಷ್ ಉತ್ತರ ಅದು.

ಮಳೆಗಾಲ ಹತ್ತಿರವಾದಾಗ ಅವನು ಹೊರಟ. ಹೊರಡುವ ಮುಂಚೆ ಶನಿವಾರದ ಮನೆಗೆ ನನ್ನನ್ನು ಕರೆದೊಯ್ದು, ಕೆಮ್ಮಿ, ಆ ಮಾತನ್ನು ಒಂದಕ್ಷರ ತಪ್ಪದೆ ಹೇಳಿದ. ಆ ಮನೆಯವರು ನನ್ನ ವ್ರತದ ಗತಿ ಏನೆಂದು ಕೇಳಿದರು. ದೇವರ ಅಪ್ಪಣೆಯಾಗಿದೆ ಎಂದೆ. ಇಂಗ್ಲೆಂಡಿನಿಂದ ನನಗೆ ಬಂದ ಆಸ್ತಿಯೆಂದರೆ ಆ ಶನಿವಾರ. ಏಳೂ ವಾರ ತುಂಬಿದ ಮೇಲೆ ನಾನು ಬಸ್ ಸ್ಟ್ಯಾಂಡಿನ ಕಡೆ ಹೋಗುವುದು ಕಡಿಮೆಯಾಯಿತು. ಓದು ಮುಗಿಯಿತು. ಆದರೆ ಕಾಲಿಗೆ ಹತ್ತಿದ್ದು ಮಾತ್ರ ಬಿಡಲಿಲ್ಲ. ಕೆಲಸಕ್ಕೆ ಸೇರಿದ ಮೇಲೂ ಒಂದು ಊರಿನಲ್ಲಿ ನಾಲ್ಕು ಕಾಲ ನಿಲ್ಲದೆ ವರ್ಗ ಮಾಡಿಸಿಕೊಳ್ಳುತ್ತಲೇ ಹೋದೆ. ಹೆಂಡತಿ ಪಾತ್ರೆ ಕಟ್ಟಿ ಬಿಚ್ಚಿ ಸುಸ್ತಾದಳು.

ಇವತ್ತು ಬೆಳಿಗ್ಗೆಯೂ ವಾರ ಕೇಳಿದೆ. ಯಾವ ಮನಸ್ಸಿನಲ್ಲಿದ್ದಳೋ, ಗುರುವಾರ ಎಂದು ನೇರವಾಗಿ ಹೇಳಿದಳು. ಮಧ್ಯಾಹ್ನ ಒಗ್ಗರಣೆ ಸಿಡಿಯಿತು. ನಾನು ಎದ್ದೆ, ಚಪ್ಪಲಿ ಮೆಟ್ಟಿದೆ, ಗೇಟಿನ ತನಕ ಹೋದೆ. ಬೀದಿಯ ಎರಡೂ ಕೊನೆ ನೋಡಿದೆ. ವಾಪಸು ಬಂದು ಒಳಗೆ ಹೋಗಲು ಯಾಕೋ ಕಾಲು ಬರಲಿಲ್ಲ. ನನ್ನ ಮನೆಯ ಅಂಗಳದಲ್ಲೇ ನಿಂತು ಒಮ್ಮೆ ಕೆಮ್ಮಿದೆ.

"ಹಾಕಿದೀನಿ, ಬನ್ನಿ," ಎಂದಳು ಒಳಗಿನಿಂದ.